ಜೋಳಿಗೆಗೆ ಬಿದ್ದ ಸುಳ್ಳು

ಗಂಡ ಸುಳ್ಳು ಹೇಳುತ್ತಾನೆ ಎಂದು ಅಳುವ ಹೆಂಗಸರನ್ನು ಕಂಡರೆ ನನಗೆ ಈಗೀಗ ಹೊಟ್ಟೆಕಿಚ್ಚಾಗುತ್ತದೆ. ಅವರೆಲ್ಲ ಪುಣ್ಯವಂತರು. ಸತ್ಯ ಹೇಳುವ ಗಂಡನ ಜೊತೆ ಒಂದೇ ಒಂದು ಶ್ರಾವಣ ಬಾಳಿ ನೋಡಿ ಆಮೇಲೆ ಅಳಲಿ, ಕಣ್ಣೊರೆಸಲು ನನ್ನ ಸೆರಗನ್ನೇ ಕೊಡುತ್ತೇನೆ. ಬೇರೆಯವರ ಮನೆಗೆ ಹಬ್ಬಕ್ಕೆ ನೆಂಟರು ಬರುತ್ತಾರೆ, ನಮ್ಮ ಮನೆಗೆ ಪಜೀತಿ ಬರುತ್ತದೆ. ಹೋದ ಶ್ರಾವಣದಲ್ಲಂತೂ ಅದು ಹಾಸಿಗೆ ಹೊತ್ತುಕೊಂಡೇ ಬಂದು ತಿಂಗಳಿಡೀ ಠಿಕಾಣಿ ಹೂಡಿತ್ತು.

ನಾವು ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಸಣ್ಣದೊಂದು ಸೀರೆ ಅಂಗಡಿ ಇಟ್ಟುಕೊಂಡವರು. ನಮ್ಮವರು ಸೀರೆ ಬಿಚ್ಚಿ ಹರವುತ್ತಾರೆ, ನಾನು ಮಾತು ಬಿಚ್ಚಿ ಹರವುತ್ತೇನೆ. ಮನೆಯಲ್ಲಿ ಮೂರನೆಯವಳು ನನ್ನ ನಾದಿನಿ, ನಮ್ಮವರ ತಂಗಿ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬಂದ ಗಂಡುಗಳನ್ನೆಲ್ಲ ಸೂಜಿ ಚುಚ್ಚಿದಷ್ಟೇ ಸಲೀಸಾಗಿ ಬೇಡ ಎಂದು ಕಳಿಸಿದ್ದಳು. ಅಂಥವಳು ಮೊದಲ ಸಲ ಒಂದು ಫೋಟೋ ನೋಡಿ ಸುಮ್ಮನಾದಳು. ಸಿರುಗುಪ್ಪದ ಹುಡುಗ, ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕ. ಸಂಬಂಧ ತಂದವರು ಕುರುಗೋಡಿನಲ್ಲಿರುವ ನಮ್ಮವರ ಸೋದರತ್ತೆ. ಫೋಟೋದಲ್ಲಿ ಹುಡುಗನ ಎರಡೂ ಕಣ್ಣು ಮುಚ್ಚಿದ್ದವು.

"ಅತ್ತಿಗಿ, ಕಣ್ಣು ಮುಚ್ಚಿದ ಫೋಟೋನ ಹೆಣ್ಣಿನ ಕಡಿಗೆ ಕಳಿಸ್ಯಾನ ಅಂದ್ರ ಇವ ಸುಳ್ಳ ಹೇಳೋ ಪೈಕಿ ಅಲ್ಲ," ಎಂದಳು. ಹೇಳುವಾಗ ಕಿವಿ ಕೆಂಪಗಾಗಿದ್ದವು. ಈ ಸಂಬಂಧ ಒಂದು ಕೆಡದಿರಲಿ ಎಂದು ನಾನು ಕಂಡ ಕಂಡ ದೇವರಿಗೆಲ್ಲ ಕಾಯಿಯ ಹರಕೆ ಹೊತ್ತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರಲ್ಲ, ಆ ಸಾವಿರದಲ್ಲಿ ಒಂಬೈನೂರನ್ನು ನಾನೊಬ್ಬಳೇ ಹೇಳಲು ತಯಾರಿದ್ದೆ. ಉಳಿದ ನೂರನ್ನು ನಮ್ಮವರು ಹೇಳಿದ್ದರೆ ಸಾಕಿತ್ತು.

ಬರಿಗೈ

ನಮ್ಮ ಓಣಿಯಲ್ಲಿ ಶ್ರಾವಣದ ಪ್ರವಚನ ಶುರುವಾಗಿತ್ತು. ಒಂದು ಸಂಜೆ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಅವರು ಬೇಡುವುದು ಜೋಳ ಅಲ್ಲ, ರಾಗಿ ಅಲ್ಲ, ದುಶ್ಚಟ. "ನಿಮ್ಮ ಕೆಟ್ಟ ಚಟ ನಮ್ಮ ಜೋಳಿಗ್ಯಾಗ ಹಾಕ್ರಿ, ಶ್ರಾವಣ ಮುಗಿಯೋ ಮಟ ಮುಟ್ಟಬ್ಯಾಡ್ರಿ" ಎನ್ನುತ್ತಾರೆ. ಗಂಡಸರು ಒಬ್ಬೊಬ್ಬರಾಗಿ ಗುಟ್ಕಾ ಚೀಟಿ, ಬೀಡಿ ಕಟ್ಟು, ಇಸ್ಪೀಟು ಕಟ್ಟು ತಂದು ಹಾಕಿದರು. ಒಬ್ಬರು ಗುಟ್ಕಾ ಹಾಕಿ, ಅದರ ಜೊತೆ ಬಾಯಲ್ಲಿದ್ದದ್ದನ್ನೂ ಉಗುಳಿ ಬಂದರು.

ನಮ್ಮವರಿಗೆ ಅಡಿಕೆಯ ಚೂರಿನ ಚಟವೂ ಇಲ್ಲ. ಈ ವಿಷಯದಲ್ಲಿ ನನಗೆ ಭಾರಿ ಜಂಬವಿತ್ತು, ಅದೇ ಮುಳುವಾಯಿತು. ಸ್ವಾಮಿಗಳು ನಮ್ಮ ಬಾಗಿಲ ಮುಂದೆ ನಿಂತರು. ನಮ್ಮವರು ಜೇಬು ತಡಕಿದರೆ ಸಿಕ್ಕಿದ್ದು ಅಂಗಡಿ ಕೀಲಿಕೈ ಮತ್ತು ಒಂದು ಪೆಪ್ಪರ್‌ಮಿಂಟು. ಓಣಿಯೆಲ್ಲ ನೋಡುತ್ತಿದೆ. ಚಟ ಇಲ್ಲ ಎಂದರೆ ಸೊಕ್ಕು ಎಂದಾರು, ಬರಿಗೈಯಲ್ಲಿ ಕಳಿಸಿದರೆ ಜಿಪುಣ ಎಂದಾರು. ಅವರು ಬೆವರಿ, ಕೈ ಮುಗಿದು, "ಬುದ್ಧೀ, ನಾನು... ನಾನು ಸುಳ್ಳು ಹಾಕೀನ್ರಿ" ಎಂದರು.

ಸ್ವಾಮಿಗಳ ಮುಖ ಅರಳಿತು. "ನೋಡ್ರಿ! ಎಲ್ಲಾರೂ ಬಾಯಾಗಿನ ಚಟ ಕೊಟ್ರು, ಈ ಶರಣರು ನಾಲಿಗಿ ಚಟಾನ ಕೊಟ್ರು!" ಎಂದು ಮೂರು ಬಾರಿ ಹೇಳಿದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ಎಲ್ಲರಿಗಿಂತ ಜೋರಾಗಿ ತಟ್ಟಿದೆ.

ಸ್ವಾಮಿಗಳು ಮುಂದಿನ ಓಣಿಗೆ ಹೋದ ಮೇಲೆ ಕನ್ನಡಿ ಮುಂದೆ ನಿಂತು, "ಅಲ್ರೀ, ಇವತ್ತ ಈ ಕಿತ್ತಳಿ ಬಣ್ಣದ ಸೀರ್ಯಾಗ ನಾ ಹೆಂಗ ಕಾಣಸ್ತಿದ್ದೆ?" ಎಂದು ಕೇಳಿದೆ. ಪ್ರತಿ ಹಬ್ಬಕ್ಕೂ ಕೇಳುವ ಮಾತು, ಪ್ರತಿ ಹಬ್ಬಕ್ಕೂ ಬರುವ ಒಂದೇ ಉತ್ತರ. ಅವತ್ತು ಮಾತ್ರ ತಿರುಗಿ ನೋಡಿದರೆ ನಮ್ಮವರು ಕಂಬ ಹಿಡಿದು ನಿಂತಿದ್ದಾರೆ.

"ಲೇ, ಆ ಪ್ರಶ್ನೆ ಶ್ರಾವಣ ಮುಗಿದ ಮ್ಯಾಲ ಕೇಳ್ತೀಯೇನು?"

ಆ ರಾತ್ರಿ ಅವರು ತಾವೇ ಬಡಿಸಿಕೊಂಡು ಉಂಡರು.

ನಿಮಗಂತ ಮಾಡಿದಂಗೈತಿ

ಸೀರೆ ವ್ಯಾಪಾರಕ್ಕೆ ಬಂಡವಾಳ ಬೇಕು ಅನ್ನುತ್ತಾರೆ, ಅದು ಅರ್ಧ ನಿಜ. ಉಳಿದರ್ಧ "ನಿಮಗಂತನ ಮಾಡಿದಂಗೈತ್ರಿ ಅಕ್ಕಾರ" ಎನ್ನುವ ಒಂದು ಮಾತು. ಆ ಮಾತು ಜೋಳಿಗೆಯೊಳಗೆ ಹೋದ ಮಾರನೆಯ ದಿನ ಅಂಗಡಿಯಲ್ಲಿ ಏನಾಗಬೇಕೋ ಅದೇ ಆಯಿತು.

ಮೊದಲ ಗಿರಾಕಿ ಹೆಗಲ ಮೇಲೆ ಸೀರೆ ಹಾಕಿಕೊಂಡು, "ಒಪ್ತೈತೇನ್ರಿ ಅಣ್ಣಾರ?" ಎಂದರು. ನಮ್ಮವರು ತಲೆ ಓರೆ ಮಾಡಿ ನೋಡಿ, "ಇಲ್ರಿ" ಎಂದರು. ಆಕೆ ಸೀರೆ ಅಲ್ಲೇ ಬಿಟ್ಟು ಮೆಟ್ಟಿಲಿಳಿದರು. ಎರಡನೆಯವರು "ಬಣ್ಣ ಹೋಗಂಗಿಲ್ಲಲ್ರಿ?" ಎಂದರು. "ಮೊದಲ ಸಲ ಒಗೀರಿ, ಹೋಗತೈತಿ. ಎರಡನೇ ಸಲ ಹೋಗಂಗಿಲ್ರಿ, ಹೋಗಾಕ ಏನೂ ಉಳಿದಿರಂಗಿಲ್ಲ." ನಾನು ಗಲ್ಲಾಪೆಟ್ಟಿಗೆಯ ಹಿಂದೆ ತಲೆ ಚಚ್ಚಿಕೊಂಡೆ. ಆಂಧ್ರದ ಕಡೆಯಿಂದ ಬಂದ ಒಬ್ಬ ತಾಯಿ ತೆಲುಗಿನಲ್ಲಿ ಕೇಳಿದರೆ ಅವರಿಗೆ ತೆಲುಗಿನಲ್ಲೇ ಸತ್ಯ. ಭಾಷೆ ಬದಲಾದರೂ ವ್ರತ ಬದಲಾಗಲಿಲ್ಲ.

"ರೀ, ಸತ್ಯನ ಹೇಳ್ರಿ, ಅದಕ್ಕ ಒಂದಿಷ್ಟು ಬೆಲ್ಲ ಹಚ್ಚಿ ಹೇಳ್ರಿ" ಎಂದು ಕೈ ಮುಗಿದೆ. ಅವರು ಮಧ್ಯಾಹ್ನವಿಡೀ ಯೋಚಿಸಿದರು. ಸಂಜೆ ಬಂದ ಟೀಚರಮ್ಮನಿಗೆ, "ಅಕ್ಕಾರ, ಈ ಹಳದಿ ಬ್ಯಾಡ್ರಿ, ಮುಖ ಬಾಡಿದಂಗ ಕಾಣತೈತಿ. ಆ ಎಲಿಹಸರು ಹಾಕ್ಕೊಂಡು ನೋಡ್ರಿ" ಎಂದರು. ಆಕೆ ಹಾಕಿಕೊಂಡರು. ನಿಜಕ್ಕೂ ಆ ಮುಖಕ್ಕೆ ದೀಪ ಹಚ್ಚಿದಂತಾಯಿತು. ಕನ್ನಡಿಯಲ್ಲಿ ನೋಡಿಕೊಂಡ ಆಕೆ, "ಇಷ್ಟು ವರ್ಷ ಯಾರೂ ನನಗ ಹಳದಿ ಬ್ಯಾಡ ಅಂದಿದ್ದಿಲ್ರಿ" ಎಂದರು. ಕಣ್ಣಲ್ಲಿ ನೀರಿತ್ತು. ಬೇರೊಬ್ಬರು ನಮ್ಮನ್ನು ನಿಂತು ನೋಡಿ ಹೇಳಿದ ಒಂದು ಮಾತಿಗೆ ಮನುಷ್ಯರು ಎಷ್ಟು ಹಸಿದಿರುತ್ತಾರೆ ಎಂದು ಅವತ್ತು ನನಗನ್ನಿಸಿತು.

ಅಲ್ಲಿಂದ ಸುದ್ದಿ ಹಬ್ಬಿತು. ಕೌಲ್‌ಬಜಾರಿನಲ್ಲಿ ಸತ್ಯ ಹೇಳುವ ಅಂಗಡಿ ಇದೆಯಂತೆ! ಹೆಂಗಸರು ಗುಂಪುಗುಂಪಾಗಿ ಬಂದರು. ಕೊಳ್ಳುವವರು ಕೆಲವರು, ಕೇಳುವವರು ಬಹಳ. "ಅಣ್ಣಾರ, ನಾ ದಪ್ಪ ಆಗೀನೇನ್ರಿ?" "ನನ್ನ ಸೊಸಿಗೆ ಈ ಜಡಿ ಒಪ್ತೈತೇನ್ರಿ?" ಹೀಗೆಯೇ ಒಬ್ಬ ಹಿರಿಯ ಹೆಂಗಸು ಚೀಲದಿಂದ ಮಡಿಚಿದ ಸೀರೆಯೊಂದನ್ನು ತೆಗೆದು, "ಇದು ಖರೇ ರೇಷ್ಮಿ ಹೌದೋ ಅಲ್ಲೋ ಹೇಳಪ್ಪ" ಎಂದರು. ನಮ್ಮವರು ಮುಟ್ಟಿ ನೋಡಿ, "ಅಲ್ಲಬೇ. ಯಾರೋ ನಿಮಗ ಮೋಸ ಮಾಡ್ಯಾರ" ಎಂದರು.

"ಹೌದಾ? ಹೋದ ಯುಗಾದಿಗೆ ನಿನ್ನ ಕಡಿಂದನ ಒಯ್ದಿದ್ನಲ್ಲಪ್ಪ!"

ಅಂಗಡಿ ತುಂಬ ಇದ್ದ ಜನ ನಮ್ಮವರ ಕಡೆ ತಿರುಗಿದರು. ನಮ್ಮವರು ಸೀರೆಯನ್ನು ಮತ್ತೊಮ್ಮೆ ನೋಡಿದರು. "ಹೌದಬೇ, ನಾನ ಮಾರಿದ್ದು. ಬದಲಿ ಸೀರಿ ಕೊಡ್ತೀನಿ ತಗೋರಿ. ಆವಾಗ ನಾ ಇನ್ನಾ ಸ್ವಾಮಿಗಳ ಕೈಗೆ ಸಿಕ್ಕಿದ್ದಿಲ್ಲ."

ಕುರುಗೋಡಿನ ಊಟ

ಸಂಬಂಧ ತಂದ ಸೋದರತ್ತೆ ನಮ್ಮ ಮೂವರನ್ನೂ ಊಟಕ್ಕೆ ಕರೆದರು. ಅತ್ತೆಯ ಮನಸ್ಸು ದೊಡ್ಡದು, ಬಡಿಸುವ ಕೈ ಅದಕ್ಕಿಂತ ದೊಡ್ಡದು. ಆದರೆ ಉಪ್ಪಿನ ವಿಷಯದಲ್ಲಿ ಆ ಕೈ ಬಲು ಬಿಗಿ. ಎಷ್ಟು ಬಿಗಿ ಎಂದರೆ ಅವರ ಮನೆಯ ಉಪ್ಪಿನ ಡಬ್ಬಿ ಅವರ ಮದುವೆಯಲ್ಲಿ ತುಂಬಿದ್ದು ಇನ್ನೂ ತಳ ಕಂಡಿಲ್ಲ ಎಂದು ನೆಂಟರಲ್ಲಿ ನಗೆಮಾತು. ಅತ್ತೆಗೆ ಮಾತ್ರ ಇದು ಗೊತ್ತಿಲ್ಲ. ಉಂಡವರೆಲ್ಲ "ಅಮೃತ, ಅಮೃತ" ಎಂದೇ ಎದ್ದು ಹೋಗಿದ್ದಾರೆ.

ಅತ್ತೆ ಮುನಿದರೆ ಸಿರುಗುಪ್ಪದ ಸಂಬಂಧ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲೇ ನಮ್ಮವರಿಗೆ ತಾಕೀತು ಮಾಡಿದ್ದೆ: "ತಿನ್ರಿ, ಏಳ್ರಿ. ಬಾಯಿ ತಿನ್ನಾಕ ಅಷ್ಟ."

ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಕಟ್ಟಿನ ಸಾರು ಎಲ್ಲ ಬಂತು. ಅತ್ತೆ ನಮ್ಮವರ ಎದುರಿಗೇ ಕೂತರು. "ಎಣ್ಣಿಗಾಯಿ ಹೆಂಗಾಗೈತೋ ತಮ್ಮಾ?"

"ಬದನಿಕಾಯಿ ಎಳೇವು ಅದಾವತ್ತಿ." ನಿಜವೇ. ನಾನು ಉಸಿರು ಬಿಟ್ಟೆ.

"ಸಾರು?"

"ಬಿಸಿ ಐತಿ."

"ಬಿಸಿ ಐತಿ ಅಂತ ನನಗೂ ಗೊತ್ತೈತಿ, ಒಲಿ ಮ್ಯಾಲಿಂದ ಇಳಿಸಿದಾಕಿ ನಾನ. ರುಚಿ ಹೆಂಗೈತಿ?"

ನಾನು ಅವರ ತೊಡೆ ಚಿವುಟಿದೆ. ಅವರು ನನ್ನನ್ನು ನೋಡಿದರು, ತಂಗಿಯನ್ನು ನೋಡಿದರು, ಸಾರನ್ನು ನೋಡಿದರು. "ಉಪ್ಪಿಲ್ಲತ್ತಿ."

"ಯಾವುದರಾಗ?"

"ಯಾವುದರಾಗೂ."

"ಇವತ್ತೇನು?"

"ಯಾವತ್ತೂ."

ಅತ್ತೆ ನಿಧಾನವಾಗಿ ಗಂಡನ ಕಡೆ ತಿರುಗಿದರು. "ಏನ್ರಿ, ನೀವು ದಿನಾ ಅಮೃತ ಅಂತೀರಿ?" ಮಾವ ಬಾಯಲ್ಲಿದ್ದ ತುತ್ತನ್ನು ಅತ್ತಲೂ ಬಿಡದೆ ಇತ್ತಲೂ ಬಿಡದೆ ಕೂತರು. ಆಮೇಲೆ ಧೈರ್ಯ ಮಾಡಿ ಅಂಗಿಯ ಜೇಬಿಗೆ ಕೈ ಹಾಕಿ ಕಾಗದದ ಪೊಟ್ಟಣವೊಂದನ್ನು ತೆಗೆದು ಎಲ್ಲರ ಮುಂದೆ ಇಟ್ಟರು. ಪುಡಿ ಉಪ್ಪು! ಮದುವೆಯಾದಂದಿನಿಂದ ಆ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇದ್ದೇ ಇದೆಯಂತೆ, ಅಂಗಿ ಬದಲಾಗಿದೆ ಅಷ್ಟೆ.

ಅತ್ತೆ ಆ ಉಪ್ಪನ್ನು ತಮ್ಮ ಸಾರಿಗೆ ಉದುರಿಸಿ ಒಂದು ಗುಟುಕು ಕುಡಿದರು. ಇನ್ನೊಂದು ಗುಟುಕು ಕುಡಿದರು. "ಅಯ್ಯ ಶಿವನ, ಇದು ಬ್ಯಾರೇ ಸಾರ ಆತಲ್ಲೋ!" ಎಂದು ನಕ್ಕು, ನಮ್ಮವರ ತಲೆ ಮೇಲೆ ಕೈ ಇಟ್ಟರು. "ಇಷ್ಟ ಮಂದಿ ಉಂಡು ಹ್ವಾದ್ರು, ಒಬ್ಬನರ ನಮ್ಮಾಕಿ ಅಂತ ಹೇಳಿದ್ನೇನು? ನೀ ಹೇಳಿದಿ ನೋಡು. ಸಿರುಗುಪ್ಪದವರನ್ನ ಈ ಭಾನುವಾರನ ನಿಮ್ಮ ಮನಿಗೆ ಕಳಸ್ತೀನಿ ನಡಿ."

ಮಾವ ನಮ್ಮನ್ನು ಬಸ್ ನಿಲ್ದಾಣದವರೆಗೆ ಕಳಿಸಲು ಬಂದರು. ಬಸ್ಸು ಬಂದರೂ ನಮ್ಮವರ ಕೈ ಬಿಡಲಿಲ್ಲ. ಮುಖದಲ್ಲಿ ಏನೋ ಹೊಸ ಆಸೆ. ಅತ್ತಿತ್ತ ನೋಡಿ ಕಿವಿಯ ಹತ್ತಿರ ಬಾಗಿದರು:

"ಅಳಿಯಾ, ಆಕಿ ಹಾಡೂ ಹೇಳ್ತಾಳ. ಶ್ರಾವಣ ಮುಗಿಯೋದ್ರಾಗ ಇನ್ನೊಂದು ಸಲ ಬಂದು ಹೋಗಪ್ಪ."

ಮೌನವ್ರತ

ಭಾನುವಾರ ಹೆಣ್ಣು ನೋಡಲು ಹುಡುಗ ಮತ್ತು ಅವನ ಅಜ್ಜಿ ಬರುವವರಿದ್ದರು. ಹುಡುಗನ ಅಪ್ಪ ಬರುವುದಿಲ್ಲ. ಅವರ ಬಗ್ಗೆ ಅತ್ತೆ ಮೊದಲೇ ಎಚ್ಚರಿಸಿದ್ದರು: ಆ ಮನುಷ್ಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು, ಸಿಟ್ಟು ಬಂದರೆ ಕೈಗೆ ಸಿಕ್ಕ ಪಾತ್ರೆ ಅಂಗಳಕ್ಕೆ ಹಾರುತ್ತದೆ, ಆ ಮನೆಯಲ್ಲಿ ಸೊಟ್ಟ ಆಗದ ಪಾತ್ರೆ ಒಂದೂ ಇಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದರೂ ಕಷ್ಟ, ನಿಜ ಹೇಳಿದರೂ ಕಷ್ಟ. ಏಕೆಂದರೆ ನಾದಿನಿಯ ವಯಸ್ಸನ್ನು ನಾವು ಎಷ್ಟೋ ವರ್ಷಗಳಿಂದ ಇಪ್ಪತ್ತಾರರಲ್ಲೇ ಕಟ್ಟಿಹಾಕಿದ್ದೆವು. ಅಡುಗೆಯ ವಿಷಯವಂತೂ ಕೇಳಲೇಬಾರದು. ಒಲೆ ಹಚ್ಚುವುದು ಆಕೆಗೆ ಗೊತ್ತು, ಅಲ್ಲಿಂದ ಮುಂದೆ ಗೊತ್ತಿಲ್ಲ.

ನನ್ನ ತಲೆ ಓಡಿತು. ಬಾಯಿ ತೆರೆದರೆ ತಾನೇ ಸತ್ಯ? "ಇವತ್ತ ನಮ್ಮವರದು ಮೌನವ್ರತ ಐತ್ರಿ" ಎಂದು ಬಂದವರಿಗೆ ಹೇಳಿದೆ. ನಮ್ಮವರೂ ಒಪ್ಪಿ ಬೆಳಗಿನಿಂದಲೇ ಸುಮ್ಮನಿದ್ದರು, ಹಾಗಾಗಿ ಅದೂ ಸುಳ್ಳಾಗಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ಆದರೆ ಮೌನಕ್ಕೂ ಎರಡು ಕೈ, ಒಂದು ತಲೆ ಇರುತ್ತದೆ ಎನ್ನುವುದನ್ನು ಮರೆತಿದ್ದೆ.

ಅಜ್ಜಿ ಗಡಿ ಸೀಮೆಯವರು, ಮಾತಿನಲ್ಲಿ ಅರ್ಧ ತೆಲುಗು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಟ್ಟೆ ಮುಂದೆ ಬಂದಾಗ ನಾನು ಸರಾಗವಾಗಿ, "ಎಲ್ಲಾ ಹುಡುಗೀನ ಮಾಡ್ಯಾಳ್ರಿ" ಎಂದೆ. ಅಜ್ಜಿಯ ಕಣ್ಣು ನನ್ನ ಹಿಂದೆ ಹೋಯಿತು. ತಿರುಗಿ ನೋಡಿದರೆ ನಮ್ಮವರು ಕೈ ಚಾಚಿ ಕಿಟಕಿಯಾಚೆ ಮೂಲೆಯ ಹೋಟೆಲನ್ನು ತೋರಿಸುತ್ತಿದ್ದಾರೆ!

"ಏನಂತಾನ ಈ ಅಬ್ಬಾಯಿ?" ಎಂದು ಅಜ್ಜಿ ನಮ್ಮವರನ್ನು ತೋರಿಸಿ ಕೇಳಿದರು.

"ಹೋಟೆಲ್‌ನವರೂ ಹಿಂಗ ಮಾಡಂಗಿಲ್ಲ ಅಂತಾರ್ರಿ!"

ಹುಡುಗ ಮಿರ್ಚಿ ಕಚ್ಚಿ ಕೆಮ್ಮಿದ. ನಾದಿನಿ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ನನ್ನನ್ನು ಪೂರಾ ಬಿಟ್ಟು ನಮ್ಮವರನ್ನೇ ನೋಡುತ್ತ, "ಹುಡುಗಿಗೆ ವಯಸ್ಸೆಷ್ಟು ನಾಯನಾ?" ಎಂದರು. ನಾನು "ಇಪ್ಪತ್ತಾ..." ಎನ್ನುವಷ್ಟರಲ್ಲಿ ನಮ್ಮವರು ಹತ್ತೂ ಬೆರಳು ಬಿಡಿಸಿದರು. ಮುಚ್ಚಿ ಮತ್ತೆ ಬಿಡಿಸಿದರು. ಮೂರನೆಯ ಸಲವೂ ಬಿಡಿಸಿ, ಕೊನೆಗೆ ಒಂದೇ ಬೆರಳನ್ನು ಮೇಲಕ್ಕೆತ್ತಿ ಹಾಗೇ ನಿಂತರು.

"ಮುಪ್ಪೈ ಒಕಟಿ?" ಎಂದರು ಅಜ್ಜಿ. "ಮೂವತ್ತೊಂದು?"

 ನನ್ನ ನಾಲಿಗೆ ನನ್ನನ್ನು ಕೇಳದೆ ತಾನೇ ಹೊರಳಿತು: "ಅದು ವಯಸ್ಸಲ್ರಿ ಅಜ್ಜೀ! ಆಕಿಗೆ ಮೂವತ್ತೊಂದು ನಮೂನಿ ಅಡಿಗಿ ಬರ್ತಾವ ಅಂತ ಹೇಳಾಕ ಹತ್ಯಾರ!"

ಸಿರುಗುಪ್ಪದಲ್ಲಿ

ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಅತ್ತೆಯ ಫೋನು: ಮನೆ ನೋಡಲು ಸಿರುಗುಪ್ಪಕ್ಕೆ ಬರಬೇಕಂತೆ. ಅಜ್ಜಿಯ ಕಡೆಯಿಂದ ಒಂದೇ ಷರತ್ತು. ಆ ಬೆರಳೆತ್ತಿದ ಮನುಷ್ಯನನ್ನು ಕರೆತರಬೇಕು, ಬಾಯಿ ಬಿಚ್ಚಿಸಿಕೊಂಡೇ ಕರೆತರಬೇಕು.

ನಾದಿನಿಯೂ ಹೊರಟಳು. "ಬಾಳೇವು ಮಾಡಾಕಿ ನಾನು, ಮನಿ ನೋಡಾಕ ನೀವಾ?" ಎಂದಳು. ಬಸ್ಸಿನಲ್ಲಿ ತೆಕ್ಕಲಕೋಟೆ ಬರುವ ತನಕ ನಾನು ನಮ್ಮವರನ್ನು ಬೇಡಿಕೊಂಡೆ, ತೆಕ್ಕಲಕೋಟೆ ದಾಟಿದ ಮೇಲೆ ಹೆದರಿಸಿದೆ. ಕಿಟಕಿಯಾಚೆ ಭತ್ತದ ಗದ್ದೆ ಹಸಿರಾಗಿ ಹೊಳೆಯುತ್ತಿದ್ದರೂ ನಾದಿನಿ ಆ ಕಡೆ ನೋಡಲಿಲ್ಲ. ಯಾವಾಗಲೂ ನಗುವವಳು ಅವತ್ತು ಬೆರಳುಗಳನ್ನೇ ನೋಡಿಕೊಂಡು, "ಅತ್ತಿಗಿ, ಇದೂ ತಪ್ಪಿದ್ರ ನಾ ಮತ್ತ ಯಾರ ಮುಂದೂ ಕುಂದ್ರಂಗಿಲ್ಲ" ಎಂದಳು.  ನಮ್ಮವರಿಗೂ ಕೇಳಿಸಿತು.

"ತಂಗೀ, ನಿನಗಿಂತ ವ್ರತ ದೊಡ್ಡದೇನು? ಇವತ್ತೊಂದು ದಿನ ಮುರೀತೀನಿ ಬಿಡು," ಎಂದರು ಅವರು. ನನಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ನಾದಿನಿಯೇ ತಲೆಯಾಡಿಸಿದಳು.

"ಬ್ಯಾಡಣ್ಣ. ಸುಳ್ಳ ಹೇಳಿ ಹ್ವಾದ್ರ ಅದನ್ನ ಕಾಯಾಕ ದಿನಾ ಇನ್ನೊಂದು ಹೇಳಬೇಕು. ನನಗ ಅಷ್ಟು ನೆನಪಿಟ್ಟಗೊಳ್ಳಾಕ ಆಗಂಗಿಲ್ಲ."

 ನಾನು ಚೀಲ ಎತ್ತಿಕೊಂಡು ಸಿರುಗುಪ್ಪದಲ್ಲಿ ಇಳಿದೆ.

ಅತ್ತೆ ಹೇಳಿದ್ದು ನಿಜ. ನೀರು ಕೊಟ್ಟ ಚೊಂಬಿಗೆ ಹೊಟ್ಟೆ ಒಳಗೆ ಹೋಗಿತ್ತು, ತಟ್ಟೆ ನೆಲದ ಮೇಲೆ ಇಟ್ಟರೆ ಬುಗುರಿಯಂತೆ ತಿರುಗುತ್ತಿತ್ತು. ನಡುಮನೆಯ ಕುರ್ಚಿಯಲ್ಲಿ ಹುಡುಗನ ಅಪ್ಪ ಕೂತಿದ್ದರು. ಅವರಿಗಿಂತ ಮುಂಚೆ ಅವರ ಮೀಸೆ ಕಾಣಿಸುತ್ತಿತ್ತು. ಎರಡೂ ಕಡೆ ಹೊರಳಿ ಕೆನ್ನೆಯ ಮೇಲೆ ಮಲಗಿದ್ದ ಗುಂಗುರು ಮೀಸೆ. ಪಕ್ಕದಲ್ಲಿ ಹುಡುಗ, ಹುಡುಗನ ಅಮ್ಮ. ಅಜ್ಜಿ ನಮ್ಮವರನ್ನು ಎದುರಿಗೇ ಕೂರಿಸಿಕೊಂಡರು.

"ನಿಜಂ ಚೆಪ್ಪು ನಾಯನಾ, ಖರೇ ಹೇಳು. ಹುಡುಗಿ ವಯಸ್ಸು?"

"ಮೂವತ್ತೊಂದ್ರಿ."

ಮೀಸೆ ಅಲುಗಿತು. ಬೀಗರ ಮುಖ ಕೆಂಪಾಯಿತು. ಕೈ ಚೊಂಬಿಗೆ ಹೋಯಿತು. ನಾನು ತಲೆ ಬಗ್ಗಿಸಿದೆ. ಅವರು ಚೊಂಬೆತ್ತಿ ಗಟಗಟ ನೀರು ಕುಡಿದು ಕೆಳಗಿಟ್ಟರು.

"ಅವತ್ತಿನ ಮಿರ್ಚಿ ಯಾರು ಮಾಡಿದ್ದು?"

"ಮೂಲಿ ಹೋಟೆಲ್‌ನಾವ."

ಮತ್ತೆ ಚೊಂಬು, ಮತ್ತೆ ನೀರು. "ಅಡಿಗಿ ಎಷ್ಟು ನಮೂನಿ ಬರ್ತಾವ?" "ಒಂದೂ ಬರಂಗಿಲ್ರಿ." ಈ ಸಲ ಬೀಗರು ಕುರ್ಚಿಯಿಂದ ಅರ್ಧ ಎದ್ದು "ಓಂ ನಮಃ ಶಿವಾಯ" ಎಂದು ಕೂತರು. ಹುಡುಗನ ಅಮ್ಮನಿಗೆ ಚೊಂಬು ತುಂಬಿಸುವುದೇ ಕೆಲಸವಾಯಿತು. ಅಷ್ಟು ಹೊತ್ತಿನಲ್ಲಿ ಅವರು ಕುಡಿದ ನೀರಿಗೆ ತುಂಗಭದ್ರೆ ಗೇಣು ಇಳಿದಿರಬೇಕು. ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡಿಕೊಂಡೆ.

"ಹಂಗಾರ ಈ ಹುಡುಗಿ ಹತ್ರ ಒಳ್ಳೇದು ಅಂತ ಏನೈತಪ್ಪ?" ಎಂದರು ಅಜ್ಜಿ.

ನಮ್ಮವರು ತಂಗಿಯ ಕಡೆ ನೋಡಿದರು. "ಲ್ಯಾಬಿಗೆ ವಯಸ್ಸಾದವರು ಖಾಲಿ ಹೊಟ್ಟಿಲೆ ರಕ್ತ ಕೊಡಾಕ ಬರ್ತಾರ್ರಿ. ಅವರ ಸಲುವಾಗಿ ಈಕಿ ದಿನಾ ತನ್ನ ಚೀಲದಾಗ ಬನ್ನು ಒಯ್ತಾಳ. ಸೂಜಿಗೆ ಹೆದರಿದವರನ್ನ ನಗಿಸಿ ನಗಿಸಿ, ಚುಚ್ಚಿದ್ದ ಗೊತ್ತಾಗದಂಗ ರಕ್ತ ತಗೀತಾಳ. ನಮ್ಮವ್ವ ಹಾಸಿಗಿ ಹಿಡಿದಾಗ ಕಡೀ ದಿನದ ಮಟ ನಕ್ಕೋತ ಇದ್ಲು, ಈಕಿ ನಗಸ್ತಿದ್ಲು. ನನ್ನ ಕೈಲಿ ಅದು ಆಗಿದ್ದಿಲ್ರಿ."  ನಾನು ಅತ್ತುಬಿಟ್ಟೆ, ನಾದಿನಿ ಅತ್ತಳು, ಹುಡುಗನ ಅಮ್ಮ ಚೊಂಬು ಹಿಡಿದುಕೊಂಡೇ ಅತ್ತರು.

ಹುಡುಗ ಮೊದಲ ಸಲ ಬಾಯಿ ಬಿಟ್ಟ. "ನಂದೂ ಒಂದು ಹೇಳಬೇಕ್ರಿ. ಆ ಫೋಟೋದಾಗ ಕಣ್ಣು ಮುಚ್ಚೈತಲ್ರಿ, ಇದ್ದದ್ರಾಗ ಅದ ಚಲೋದು." ನಾದಿನಿ ಅಳುತ್ತಲೇ ಫಕ್ಕನೆ ನಕ್ಕಳು.

ಅಜ್ಜಿ ತೊಡೆ ತಟ್ಟಿ, "ಹುಡುಗಿ ನಮ್ಮಾಕಿ ಆದ್ಲು!" ಎಂದರು. ಆಮೇಲೆ ನಮ್ಮ ಕಡೆ ಬಾಗಿ ಗುಟ್ಟು ಒಡೆದರು. ಅದೇ ಸ್ವಾಮಿಗಳು ಶ್ರಾವಣದ ಮೊದಲಿಗೆ ಸಿರುಗುಪ್ಪಕ್ಕೂ ಬಂದಿದ್ದರಂತೆ, ಬೀಗರು ಜೋಳಿಗೆಗೆ ತಮ್ಮ ಸಿಟ್ಟನ್ನು ಹಾಕಿದ್ದಾರಂತೆ. "ಶ್ರಾವಣ ಮುಗಿಯೋ ಮಟ ಇವ ಏನೂ ಮಾಡಂಗಿಲ್ಲ. ಯಾರ್ಯಾರ ಹೊಟ್ಟ್ಯಾಗ ಏನೇನೈತಿ ಈಗ ಹೇಳಿಬಿಡ್ರಿ!"

ಕಟ್ಟೆ ಒಡೆಯಿತು. ಹುಡುಗನ ಅಮ್ಮ, "ನಿಮ್ಮ ರೇಡಿಯೋ ಒಡೆದದ್ದು ಬೆಕ್ಕಲ್ರಿ, ನಾನ. ಪಾಪ, ಆ ಬೆಕ್ಕನ್ನ ಸುಮ್ಮನ ಓಡಿಸಿದ್ರಿ" ಎಂದರು. ಬೀಗರು ನೀರು ಕುಡಿದರು. ಹುಡುಗ, "ಅಪ್ಪಾ, ನಿಮ್ಮ ಬೈಕಿನ ಕನ್ನಡಿ ಕಳುವಾಗಿದ್ದಿಲ್ಲ" ಎಂದ. ನೀರು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಕೇಳಿಸಿಕೊಂಡು ಓಡಿ ಬಂದು, "ಯಜಮಾನ್ರ, ನಿಮ್ಮ ಬೇವಿನ ಟೊಂಗಿ ಗಾಳಿಗೆ ಮುರಿದಿದ್ದಲ್ರಿ, ನಾನ ಕಡಿದಿದ್ದು" ಎಂದು ಕೈ ಮುಗಿದರು. ಅವರ ಹಿಂದೆ ಇನ್ನಿಬ್ಬರು ಚಪ್ಪಲಿ ಬಿಡುತ್ತಿದ್ದರು! ಕೊನೆಗೆ ಅಜ್ಜಿ, "ಇನ್ನೊಂದೈತಿ ನಾಯನಾ. ನಿನ್ನ ಮೀಸಿ ಬಗ್ಗೆ ಈ ಮನ್ಯಾಗ ಯಾರಿಗೂ ಒಳ್ಳೆ ಅಭಿಪ್ರಾಯ ಇಲ್ಲ" ಎಂದರು.

ಈ ಸಲ ಬೀಗರು ಚೊಂಬು ಮುಟ್ಟಲಿಲ್ಲ. ಮೆಲ್ಲಗೆ ನಮ್ಮವರ ಕಡೆ ತಿರುಗಿದರು. "ಬೀಗರ, ಸುಳ್ಳ ಹೇಳದಾವರು ಇಲ್ಲಿ ನೀವೊಬ್ರ. ನೀವ ಹೇಳ್ರಿ. ಈ ಮೀಸಿ ನನಗ ಒಪ್ತೈತೋ ಇಲ್ಲೋ?"

ಕುದುರಿದ ಸಂಬಂಧ ಈಗ ಒಂದು ಮೀಸೆಯ ಕೂದಲಿಗೆ ಜೋತುಬಿದ್ದಿತ್ತು. ನಾದಿನಿ ನನ್ನ ಕೈ ಹಿಡಿದಳು.  ನಮ್ಮವರು ಗಿರಾಕಿಗೆ ಸೀರೆ ಹೊಂದಿಸುವಾಗ ಮಾಡುವಂತೆ ತಲೆ ಓರೆ ಮಾಡಿ ಆ ಮುಖವನ್ನು ಎಡದಿಂದ ನೋಡಿದರು, ಬಲದಿಂದ ನೋಡಿದರು.

"ಒಪ್ಪಂಗಿಲ್ರಿ," ಎಂದರು. "ಆಗಲೇ ನಿಮ್ಮ ಮಗ ಫೋಟೋದ ಮಾತು ಹೇಳಿದಾಗ ನೀವು ನಕ್ರಿ. ಚಂದ ನಗ್ತೀರ್ರಿ. ಯಾರಿಗೂ ಕಾಣಲಿಲ್ಲ, ಮೀಸಿ ಅಡ್ಡ ಇತ್ತು."

 ಬೀಗರು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸಂಬಂಧ ಹೋಯಿತೆಂದೇ ನಾನು ಚೀಲ ಕೈಗೆತ್ತಿಕೊಂಡೆ. ಅರ್ಧ ಗಂಟೆಗೆ ಯಾರೋ ಅಪರಿಚಿತರು ಸೀದಾ ಒಳಗೆ ಬಂದು ಆ ಕುರ್ಚಿಯ ಮೇಲೆ ಕೂತರು. ಹುಡುಗನ ಅಮ್ಮ ಗಾಬರಿಯಿಂದ ಸೆರಗು ಹೊದ್ದು, "ಯಾರು ಬೇಕಾಗಿತ್ರಿ?" ಎಂದರು. ಮೀಸೆಯಿಲ್ಲದ ಬೀಗರು! ಅಜ್ಜಿ ಮಗನನ್ನು ಹತ್ತಿರದಿಂದ ನೋಡಿ ಏನೋ ಹೇಳಲು ಬಾಯಿ ತೆರೆದು, ಸೊಸೆಯ ಕಣ್ಸನ್ನೆಗೆ ಮುಚ್ಚಿದರು. ಮದುವೆ ಶ್ರಾವಣದೊಳಗೇ ಮುಗಿಯಬೇಕೆಂದು ಎರಡೂ ಕಡೆಯವರು ಒಂದೇ ಉಸಿರಿಗೆ ಹೇಳಿದೆವು. ಕುರುಗೋಡಿನ ಬಸವಣ್ಣನ ಗುಡಿಯಲ್ಲಿ ತಾಳಿ ಕಟ್ಟಿಸಿದೆವು.

ಶ್ರಾವಣ ಮುಗಿದ ಮರುದಿನ ಬೆಳಿಗ್ಗೆ ನಾನು ಫೋನು ಕೈಯಲ್ಲೇ ಹಿಡಿದು ಕೂತಿದ್ದೆ. ಅದು ಬಡಿದುಕೊಂಡಿತು. ನಾದಿನಿ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಅತ್ತಿಗಿ, ಬೆಳಿಗ್ಗಿ ಎದ್ದು ನಾ ಮೊದಲ ಸಲ ಚಾ ಮಾಡಿ ಮಾವಗ ಕೊಟ್ಟೆ. ಅವರು ಲೋಟ ಹಿಡಕೊಂಡಿದ್ರು. ಅಷ್ಟರಾಗ ಅಜ್ಜಿ ಬಂದು ಅವರ ಮಾರಿ ನೋಡಿ, 'ಖರೇ ಹೇಳ್ಲೇನು ನಾಯನಾ? ಮೀಸಿ ಇದ್ದದ್ದ ಚಲೋ ಇತ್ತು' ಅಂದುಬಿಟ್ರು!"

 "ಆಮ್ಯಾಲ?"

"ಮಾವ ಅಂಗಳಕ್ಕ ಒಗಿಯಾಕ ಲೋಟ ಮ್ಯಾಲೆತ್ತಿದ್ರು. ಎಲ್ಲಾರೂ ಕಂಬದ ಹಿಂದ ಅಡಗಿದ್ರು. ನಾನು, 'ಮಾವ, ಒಗಿಯೋಕಿಂತ ಮೊದಲ ಒಂದು ಗುಟುಕು ಕುಡುದು ಹೆಂಗಾಗೈತಿ ಹೇಳ್ರಿ' ಅಂದೆ."

"ಕುಡುದ್ರೇನು?"

"ಕುಡುದ್ರು ಅತ್ತಿಗಿ. ಕಣ್ಣು ಮುಚ್ಚಿದ್ರು. ನುಂಗಿದ್ರು. ಆಮ್ಯಾಲ ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳಿದ್ರು, 'ಒಗಿಯಾಕ ಚಲೋ ಐತವ್ವಾ.'"